ಬೆಳೆಯ ನಡುವೆ ಕಳ್ಳಗಿಡ
(ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜ ಗೊಬ್ಬರದ ಮಾತಾಡುವ ಗ್ರಾಮಸೇವಕ ಇಂದು ಪೋಲೀಸಿನ ಮಾತು ತೆಗೆದನಲ್ಲ ಎಂದು ಬೇಸರಪಡಬೇಡಿ. ಇದೂ ಹೊಲದ ಮಾತೇ.

ಹೋದ ಮುಂಗಾರಿನಲ್ಲಿ ಹಿರಿಯ ರೈತರೊಬ್ಬರು ನನ್ನನ್ನು ತಮ್ಮ ಮೆಕ್ಕೆಜೋಳದ ಹೊಲಕ್ಕೆ ಕರೆದೊಯ್ದರು. “ಪುಂಡಿ ಅಂತ ಬಿಟ್ಟಿದ್ದೆ, ವಾಸನಿ ಬ್ಯಾರೆ ಅದ, ನೋಡ್ರಿ” ಎಂದರು. ನೋಡಿದರೆ ಗಾಂಜಾ! ಹೊಲವನ್ನು ಪಾಲಿಗೆ ಮಾಡುತ್ತಿದ್ದವನು ಯಾರೋ ಕೊಟ್ಟ ಮುಂಗಡಕ್ಕೆ ಆಸೆಪಟ್ಟು ಬೀಜ ಹಾಕಿದ್ದ.

“ಕಿತ್ತು ಹಳ್ಳಕ್ಕೆ ಒಗೀಲೇನ್ರಿ?” ಎಂದು ಯಜಮಾನರು ಹೆದರಿ ಕೇಳಿದರು. ಬೇಡವೆಂದೆ. ಅಂದೇ ಇಬ್ಬರೂ ಠಾಣೆಗೆ ಹೋಗಿ ತಿಳಿಸಿದೆವು. ಪೋಲೀಸರು, ಅಬಕಾರಿಯವರು, ಕಂದಾಯದವರು ಕೂಡಿಯೇ ಬಂದರು. ಪಹಣಿ ನೋಡಿದರು, ಪಂಚರ ಮುಂದೆ ಗಿಡ ಎಣಿಸಿ, ಕಿತ್ತು, ತೂಗಿ, ಮಹಜರು ಬರೆದರು. ಯಜಮಾನರು ಸಾಕ್ಷಿಯಾದರು. ಪಾಲಿನವನು ಜೈಲು ಸೇರಿದ. ಅವನ ಹೆಂಡತಿ ಈಗ ಕೂಲಿಗೆ ಹೋಗುತ್ತಾಳೆ. ಮುಂಗಡ ಕೊಟ್ಟವನು ಇನ್ನೂ ಸಿಕ್ಕಿಲ್ಲ. ಈ ದಂಧೆಯಲ್ಲಿ ಮೊದಲು ಸಿಕ್ಕಿಬೀಳುವವನು ಬಡವನೇ.

ಗಿಡದ ಗುರುತು ತಿಳಿದಿರಲಿ. ಪುಂಡಿಯ ಎಲೆ ಅಂಗೈಯಂತೆ ಸೀಳಿದ್ದರೂ ಬುಡದಲ್ಲಿ ಕೂಡಿರುತ್ತದೆ. ಹೂವು ಹಳದಿ, ನಡುವೆ ಕೆಂಪು. ಗಾಂಜಾದಲ್ಲಿ ಒಂದೇ ತೊಟ್ಟಿಗೆ 5 ಅಥವಾ 7 ಕಿರಿದಾದ ಎಲೆಗಳು ಬುಡದಿಂದಲೇ ಬೇರೆಬೇರೆ, ಅಂಚು ಗರಗಸದಂತೆ, ತುದಿಯ ಗೊಂಚಲು ಅಂಟಂಟು, ಘಾಟು ವಾಸನೆ. ಮೆಕ್ಕೆಜೋಳ, ಹತ್ತಿ, ತೊಗರಿ, ಕಬ್ಬು ಎತ್ತರವಾದಾಗ ಒಳಸಾಲುಗಳನ್ನೂ ನಡೆದು ನೋಡಿ.

1985ರ ಮಾದಕ ದ್ರವ್ಯಗಳ ಕಾಯಿದೆಯಂತೆ ಗಾಂಜಾ ಬೆಳೆದವರಿಗೆ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ತನ್ನ ಜಮೀನಿನಲ್ಲಿ ಗಿಡ ಇರುವುದು ತಿಳಿದೂ ಸುಮ್ಮನಿದ್ದ ಭೂಮಾಲೀಕನಿಗೂ ಶಿಕ್ಷೆಯುಂಟು. ತಿಳಿದ ಕೂಡಲೇ ಸುದ್ದಿ ಮುಟ್ಟಿಸುವ ಹೊಣೆ ಪಂಚಾಯತಿಯವರಿಗೂ ನನ್ನಂಥ ನೌಕರರಿಗೂ ಇದೆ.

“ಹೇಳಿದರೆ ಹಗೆ ಕಟ್ಟಿಕೊಂಡಂತೆ” ಎನ್ನುತ್ತೀರಿ. ಸುದ್ದಿ ಎಲ್ಲಿಂದ ಬಂತೆಂದು ಹೇಳುವಂತೆ ಅಧಿಕಾರಿಯನ್ನು ಯಾರೂ ಒತ್ತಾಯಿಸಲಾಗದೆಂದು ಕಾಯಿದೆಯೇ ಹೇಳುತ್ತದೆ. ಹಾಗೆಂದು ಬದುವಿನ ಜಗಳದ ಸೇಡಿಗೆ ಸುಳ್ಳು ದೂರು ಕೊಟ್ಟರೆ, ಕೊಟ್ಟವನಿಗೇ 2 ವರ್ಷದವರೆಗೆ ಸಜೆಯಾದೀತು.

ಗಿಡ ಹೊಲದಲ್ಲಿ, ಸಾಗಣೆ ರಸ್ತೆಯಲ್ಲಿ, ಮಾರಾಟ ಪೇಟೆಯಲ್ಲಿ. ಒಂದೇ ಇಲಾಖೆಯ ಕಣ್ಣಿಗೆ ಇದೆಲ್ಲ ಕಾಣದು. ಅದಕ್ಕೇ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳ ಮುಂದಾಳುತನದಲ್ಲಿ ಇಲಾಖೆಗಳನ್ನು ಕೂಡಿಸುವ ಸಮಿತಿಯಿದೆ. ಆದರೆ ನಿಮ್ಮ ಹೊಲದ ಒಳಸಾಲು ಕಾಣುವುದು ನಿಮಗೆ ಮಾತ್ರ.

ಆದ್ದರಿಂದ ಹೊಲವನ್ನು ಪಾಲಿಗೋ ಗುತ್ತಿಗೆಗೋ ಕೊಟ್ಟರೆ ಕರಾರು ಬರೆಸಿ, ಹದಿನೈದು ದಿನಕ್ಕೊಮ್ಮೆ ಹೋಗಿ ನೋಡಿ. ಅನುಮಾನ ಬಂದರೆ ಗಿಡ ಮುಟ್ಟದೆ 112ಕ್ಕೆ ಇಲ್ಲವೆ 1933ಕ್ಕೆ ತಿಳಿಸಿ. ಮನೆಯ ಹುಡುಗ ಚಟಕ್ಕೆ ಬಿದ್ದಿದ್ದರೆ ಹೊಡೆದು ಹೊರಹಾಕಬೇಡಿ. 14446ಕ್ಕೆ ಕೇಳಿ, ಚಿಕಿತ್ಸೆಗೆ ದಾರಿ ತೋರಿಸುತ್ತಾರೆ.

ಕಳೆಯನ್ನು ಎಳೆಯದರಲ್ಲೇ ಕೀಳಬೇಕೆಂದು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಈ ಕಳೆಯ ಸುದ್ದಿಯನ್ನೂ ಎಳೆಯದರಲ್ಲೇ ಮುಟ್ಟಿಸಿ.