ಹಳೆಯ ಮೋಟಾರ್ ಸೈಕಲ್ಲಿನ ಕೀಲೆಣ್ಣೆ

ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದುದನ್ನು ನಿಮ್ಮ ಮನೆಯ ಹಿರಿಯರು ಬಲ್ಲರು. ಎಣ್ಣೆ ಒಣಗಿದರೆ ಗಾಡಿ ಕಿರುಗುಟ್ಟುತ್ತದೆ, ಅಚ್ಚು ಸವೆಯುತ್ತದೆ. ಆದರೆ ಗಾಡಿಯ ಚಕ್ರ ನಿಮಿಷಕ್ಕೆ ಹತ್ತೋ ಹದಿನೈದೋ ಸುತ್ತು ಸುತ್ತೀತು. ಮೋಟಾರ್ ಸೈಕಲ್ಲಿನ ಕ್ರ್ಯಾಂಕ್ ದಂಡವಾದರೋ ನಿಮಿಷಕ್ಕೆ ಮೂರು ನಾಲ್ಕು ಸಾವಿರ ಸುತ್ತು ಸುತ್ತುತ್ತದೆ. ಅಲ್ಲಿ ಎಣ್ಣೆ ಒಣಗಿದರೆ ಏನಾದೀತು?

ನಮಗೆ ಹತ್ತಿರದ ಒಂದು ಉದಾಹರಣೆಯನ್ನೇ ನೋಡೋಣ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ, ಜೆಕೊಸ್ಲೊವಾಕಿಯಾ ದೇಶದ ವಿನ್ಯಾಸದ ಜಾವಾ ಮೋಟಾರ್ ಸೈಕಲ್ಲುಗಳು ತಯಾರಾಗತೊಡಗಿದವು. ಎಪ್ಪತ್ತರ ದಶಕದಲ್ಲಿ ಅವಕ್ಕೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತಾದರೂ ಆ ಗಾಡಿಗಳನ್ನು ಜೋಪಾನವಾಗಿ ಓಡಿಸುವವರು ಇಂದಿಗೂ ಇದ್ದಾರೆ.

ಇವು ಟೂ-ಸ್ಟ್ರೋಕ್ ಎಂಜಿನ್ನಿನ ಗಾಡಿಗಳು. ಇವುಗಳಲ್ಲಿ ಎಂಜಿನ್ನಿಗೆ ಎಣ್ಣೆ ಹಾಯಿಸುವ ಪಂಪ್ ಇಲ್ಲ. ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸಿ ಟ್ಯಾಂಕಿಗೆ ಹಾಕಬೇಕು. ಗಾಳಿ, ಪೆಟ್ರೋಲ್ ಮತ್ತು ಎಣ್ಣೆಯ ಮಿಶ್ರಣ ಮೊದಲು ಪಿಸ್ಟನ್ನಿನ ಕೆಳಗಿರುವ ಕ್ರ್ಯಾಂಕ್ ಕೋಶವನ್ನು ಹೊಕ್ಕು, ಅಲ್ಲಿಂದ ಸಿಲಿಂಡರಿಗೆ ಏರುತ್ತದೆ. ದಾರಿಯಲ್ಲಿ ಪೆಟ್ರೋಲ್ ಆವಿಯಾಗುತ್ತದೆ. ಎಣ್ಣೆಯ ಹನಿಗಳು ಬೇರಿಂಗುಗಳ ಮೇಲೂ ಸಿಲಿಂಡರಿನ ಗೋಡೆಯ ಮೇಲೂ ಕೂರುತ್ತವೆ. ಲೋಹಕ್ಕೆ ಲೋಹ ತಾಗದಂತೆ ತಡೆಯುವುದು ಈ ತೆಳು ಪೊರೆಯೇ. ಕೆಲಸ ಮುಗಿದ ಎಣ್ಣೆ ಅರೆಬರೆ ಉರಿದು ಹೊಗೆಯಾಗಿ ಹೊರಗೆ ಹೋಗುತ್ತದೆ. ಒಮ್ಮೆ ಹೋದ ಎಣ್ಣೆ ತಿರುಗಿ ಬಾರದು.

ಕಾಲೇಜಿನ ದಿನಗಳಲ್ಲಿ ನಾನು ಸೋದರಮಾವನ ಇಂಥದೊಂದು ಗಾಡಿಯನ್ನು ಕೇಳಿ ಪಡೆದಿದ್ದೆ. ಪೆಟ್ರೋಲ್ ಹಾಕಿಸಿದೆ, ಎಣ್ಣೆ ಮರೆತೆ. ಟ್ಯಾಂಕಿನಲ್ಲಿ ಉಳಿದಿದ್ದ ಹಳೆಯ ಮಿಶ್ರಣದ ಪುಣ್ಯದಿಂದ ಕೆಲವು ಮೈಲಿ ಓಡಿತು. ಆಮೇಲೆ ಎಂಜಿನ್ನಿನ ದನಿ ಬಿಗಿಯಾಯಿತು, ಹಿಂದಿನ ಚಕ್ರ ಹಠಾತ್ತನೆ ನಿಂತು ರಸ್ತೆಯ ಮೇಲೆ ಎಳೆದುಕೊಂಡು ಹೋಯಿತು. ಕ್ಲಚ್ ಹಿಡಿದದ್ದರಿಂದ ಬೀಳದೆ ಉಳಿದೆ. ಮಾವ ಬೈಯಲಿಲ್ಲ, ಬಿಚ್ಚಿದ ಪಿಸ್ಟನ್ನಿನ ಗೀರುಗಳನ್ನು ಬೆರಳಿನಿಂದ ಮುಟ್ಟಿಸಿದರು, ಅಷ್ಟೆ.

ಎಂಜಿನ್ ಹೀಗೇಕೆ ಕಚ್ಚಿಕೊಂಡಿತು? ಪಿಸ್ಟನ್ ಅಲ್ಯುಮಿನಿಯಂ ಮಿಶ್ರಲೋಹದ್ದು, ಸಿಲಿಂಡರ್ ಎರಕದ ಕಬ್ಬಿಣದ್ದು. ಒಂದೇ ಪ್ರಮಾಣದಲ್ಲಿ ಕಾಯಿಸಿದರೆ ಅಲ್ಯುಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಎಣ್ಣೆಯ ಪೊರೆ ಹರಿದಾಗ ಘರ್ಷಣೆ ಹೆಚ್ಚಿ ಶಾಖ ಏರುತ್ತದೆ, ಪಿಸ್ಟನ್ ಹಿಗ್ಗುತ್ತದೆ, ನಡುವಿನ ಸಂದು ಮುಚ್ಚಿಹೋಗುತ್ತದೆ. ನೀವು ಪುಸ್ತಕದಲ್ಲಿ ಓದುವ ಉಷ್ಣವ್ಯಾಕೋಚನದ ಪಾಠ ಇದೇ.

ಎಣ್ಣೆ ಬೆರೆಸಿದ್ದರೂ ಇನ್ನೊಂದು ಅಪಾಯವಿದೆ. ಚಾಮುಂಡಿ ಬೆಟ್ಟದಂಥ ಇಳಿಜಾರಿನಲ್ಲಿ ಇಳಿಯುವಾಗ ಸವಾರ ಥ್ರಾಟಲ್ ಮುಚ್ಚುತ್ತಾನೆ. ಎಂಜಿನ್ ವೇಗವಾಗಿ ತಿರುಗುತ್ತಲೇ ಇರುತ್ತದೆ, ಆದರೆ ಪೆಟ್ರೋಲಿನ ಜೊತೆಗೆ ಎಣ್ಣೆಯೂ ಕಡಿಮೆಯಾಗುತ್ತದೆ. ಆದುದರಿಂದಲೇ ಅನುಭವಿ ಸವಾರರು ಇಳಿಜಾರಿನಲ್ಲಿ ನಡುನಡುವೆ ಥ್ರಾಟಲನ್ನು ಸ್ವಲ್ಪ ತೆರೆದು ಎಂಜಿನ್ನಿಗೆ ಎಣ್ಣೆ ಕುಡಿಸುತ್ತಾರೆ.

ಮದರಾಸಿನಲ್ಲಿ ತಯಾರಾಗುತ್ತಿದ್ದ ಹಳೆಯ ಬುಲೆಟ್ಟಿನ ರೀತಿಯೇ ಬೇರೆ. ಅದು ಫೋರ್-ಸ್ಟ್ರೋಕ್ ಎಂಜಿನ್. ಎಣ್ಣೆಗೆ ಪ್ರತ್ಯೇಕ ಅರೆಯಿದೆ. ಒಂದು ಪಂಪ್ ಅಲ್ಲಿಂದ ಎಣ್ಣೆಯನ್ನು ಬೇರಿಂಗಿಗೆ ತಳ್ಳಿದರೆ, ಇನ್ನೊಂದು ಕೆಳಗೆ ಸೋರಿದ್ದನ್ನು ಎತ್ತಿ ಹಿಂದಕ್ಕೆ ಕಳಿಸುತ್ತದೆ. ಥ್ರಾಟಲ್ ಮುಚ್ಚಿದರೂ ಎಂಜಿನ್ ತಿರುಗುವ ತನಕ ಪಂಪುಗಳೂ ತಿರುಗುತ್ತವೆ.

ಹಾಗಾದರೆ ಯೆಜ್ಡಿಗೆ ಸ್ವಲ್ಪ ಹೆಚ್ಚಾಗಿಯೇ ಎಣ್ಣೆ ಹಾಕಿದರೆ ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ಅಲ್ಲ. ಹೆಚ್ಚಿನ ಎಣ್ಣೆ ಸ್ಪಾರ್ಕ್ ಪ್ಲಗ್ಗಿಗೆ ಮೆತ್ತಿಕೊಳ್ಳುತ್ತದೆ, ಹೊಗೆಕೊಳವೆಯಲ್ಲಿ ಮಸಿಯಾಗಿ ಕಟ್ಟುತ್ತದೆ. ಆದ್ದರಿಂದ ಗಾಡಿಯ ಕೈಪಿಡಿಯಲ್ಲಿ ಹೇಳಿದ ಪ್ರಮಾಣವೇ ಸರಿ. ಪೆಟ್ರೋಲ್ 25 ಪಾಲಿಗೆ ಎಣ್ಣೆ 1 ಪಾಲು ಎಂದಿದ್ದರೆ, 5 ಲೀಟರಿಗೆ 200 ಮಿಲಿಲೀಟರ್. ಕಣ್ಣಂದಾಜು ಬೇಡ, ಅಳತೆಯ ಪಾತ್ರೆ ಬೇಕು. ಟೂ-ಸ್ಟ್ರೋಕ್ ಎಂಜಿನ್ನಿಗೆಂದೇ ತಯಾರಿಸಿದ ಎಣ್ಣೆಯನ್ನೇ ಬಳಸಬೇಕು.

ಇಷ್ಟೆಲ್ಲ ಎಚ್ಚರ ವಹಿಸಿದರೂ ಈ ಎಂಜಿನ್ನಿನ ಮೂಲದೋಷ ಹೋಗುವುದಿಲ್ಲ. ಅದರ ಸರಳತೆಯ ಬೆಲೆಯನ್ನು ತೆರುವುದು ನಮ್ಮ ಗಾಳಿ. ಎಣ್ಣೆಯ ಹೊಗೆಯಷ್ಟೇ ಅಲ್ಲ, ಪೆಟ್ರೋಲಿನ ಒಂದು ಭಾಗವೂ ಉರಿಯದೆ ಹೊರಬೀಳುತ್ತದೆ. ಹೊಗೆಯ ಕಾನೂನು ಬಿಗಿಯಾದಂತೆ ಇಂಥ ಬೈಕುಗಳು ಹಿಂದೆ ಸರಿದವು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಮತ್ತೆ ಮಾರುಕಟ್ಟೆಗೆ ಬಂದದ್ದು ಫೋರ್-ಸ್ಟ್ರೋಕ್ ಎಂಜಿನ್ನಿನೊಡನೆ.

ನಿಮ್ಮ ಮನೆಯ ಮೂಲೆಯಲ್ಲಿ ತಾತನ ಜಾವಾ ನಿಂತಿದ್ದರೆ, ಹಿರಿಯರ ಜೊತೆಗೂಡಿ ಅದಕ್ಕೆ ಜೀವ ಕೊಡಿ. ಆದರೆ ಕಿಕ್ ಹೊಡೆಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಟ್ಯಾಂಕಿನಲ್ಲಿರುವುದು ಬರಿಯ ಪೆಟ್ರೋಲೋ, ಅಳೆದು ಬೆರೆಸಿದ ಮಿಶ್ರಣವೋ? ನಾನು ಕೇಳಿಕೊಳ್ಳದೆ ಹೋದ ಪ್ರಶ್ನೆ ಅದು.