ಹೆಸರು ಗೆದ್ದ ವರ್ಷ

ನಮ್ಮ ಮುಧೋಳದ ರನ್ನ ಕವಿ ‘ಗದಾಯುದ್ಧ’ದಲ್ಲಿ ಒಂದು ದಿನದ ಕಾಳಗವನ್ನು ಹೇಳಹೊರಟು, ಸಿಂಹಾವಲೋಕನ ಕ್ರಮದಿಂದ ಇಡೀ ಭಾರತದ ಕಥೆಯನ್ನೇ ಹಿಂದಿರುಗಿ ನೋಡುತ್ತಾನೆ. ಕಡೆಯ ಕಾಳಗದ ಅರ್ಥ ಅದರ ಹಿಂದಿನ ವರ್ಷಗಳಲ್ಲಿದೆ ಎಂಬುದನ್ನು ಅವನು ಬಲ್ಲ. 1973-74ರಲ್ಲಿ ಕರ್ನಾಟಕ ತಂಡ ಮೊದಲ ಬಾರಿಗೆ ರಣಜಿ ಟ್ರೋಫಿಯನ್ನು ಗೆದ್ದುದನ್ನೂ ಹೀಗೆಯೇ ಹಿಂದಿರುಗಿ ನೋಡಬೇಕೆಂದು ನನ್ನ ಭಾವನೆ.

1958-59ರಿಂದ 1972-73ರವರೆಗೆ, ಸತತವಾಗಿ ಹದಿನೈದು ವರ್ಷ, ಆ ಟ್ರೋಫಿ ಮುಂಬಯಿಯದಾಗಿತ್ತು. ಮೈಸೂರು ಎಂಬ ಹೆಸರಿನಲ್ಲಿ ಆಡುತ್ತಿದ್ದ ನಮ್ಮ ತಂಡ 1941-42ರಲ್ಲಿ ಮತ್ತು 1959-60ರಲ್ಲಿ ಅಂತಿಮ ಪಂದ್ಯದವರೆಗೆ ಹೋಗಿ, ಎರಡು ಸಲವೂ ಮುಂಬಯಿಗೇ ಸೋತಿತ್ತು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. ಆ ಹೆಸರು ಹೊತ್ತ ಮೊದಲ ವರ್ಷದಲ್ಲೇ ತಂಡ ಉಪಾಂತ್ಯದಲ್ಲಿ ಬೆಂಗಳೂರಿನಲ್ಲಿ ಮುಂಬಯಿಯನ್ನು ಎದುರಿಸಿತು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಒಟ್ಟು 385 ಓಟಗಳು. ಉತ್ತರವಾಗಿ ಆಡಿದ ಮುಂಬಯಿಯ ಗಾವಸ್ಕರರನ್ನು ನಾಯಕ ಪ್ರಸನ್ನ ಬೌಲ್ಡ್ ಮಾಡಿದರು. ವಾಡೇಕರ್ ಓಡುವಾಗ ಜಾರಿ ರನ್‌ಔಟ್ ಆದರು. ಮುಂಬಯಿಯ ಆಟ 307ಕ್ಕೆ ಮುಗಿಯಿತು. ಮೊದಲ ಇನಿಂಗ್ಸಿನ 78 ಓಟಗಳ ಮುನ್ನಡೆಯೇ ಗೆಲುವಾಯಿತು. ಬಳಿಕ ಜೈಪುರದ ಅಂತಿಮ ಪಂದ್ಯದಲ್ಲಿ ರಾಜಸ್ಥಾನವನ್ನು 185 ಓಟಗಳಿಂದ ಸೋಲಿಸಿದ್ದು ಆ ಕಥೆಯ ಫಲಶ್ರುತಿ ಮಾತ್ರ.

ಬೆಂಗಳೂರಿಗೆ ಇದು ನೇರವಾದ ಸಂತೋಷ. ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಕಡೆ ಅದು ಅಷ್ಟು ನೇರವಾಗಿರಲಿಲ್ಲ. ಜಮಖಂಡಿ, ಮುಧೋಳಗಳು 1948ರವರೆಗೆ ಸಂಸ್ಥಾನಗಳು. ಅನಂತರ 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಹಿರಿಯರ ಹಳೆಯ ಕಾಗದಪತ್ರಗಳು ಮರಾಠಿಯಲ್ಲಿದ್ದವು. ನೇಕಾರರು ನೆಯ್ದ ಸೀರೆಗಳಿಗೆ ಮಹಾರಾಷ್ಟ್ರದ ಪೇಟೆಗಳೇ ಆಸರೆ. ಮುಂಬಯಿ ನಮಗೆ ವೈರಿಯಲ್ಲ. ಬಿಟ್ಟುಬಂದ ಮನೆ, ಇನ್ನೂ ವ್ಯವಹಾರವಿದ್ದ ಮನೆ. ಆದರೆ ಕರ್ನಾಟಕ ಎಂಬ ಹೆಸರಿಗಾಗಿ ಹೆಚ್ಚು ಹಂಬಲಿಸಿದವರೂ ಈ ಕಡೆಯ ಜನರೇ. ಮೈಸೂರು ಎಂಬ ಹೆಸರಿನಲ್ಲಿ ಅವರಿಗೆ ತಮ್ಮ ಊರು ಕಾಣುತ್ತಿರಲಿಲ್ಲ.

ಆಗ ನಾನು ಮಾಧ್ಯಮಿಕ ಶಾಲೆಯ ವಿದ್ಯಾರ್ಥಿ. ಬನಹಟ್ಟಿಯ ಒಂದು ಮಗ್ಗದ ಮನೆಯಲ್ಲಿ ಪತ್ರಿಕೆಯನ್ನು ಓದಿ ಹೇಳುತ್ತಿದ್ದೆ. ಕೇಳುತ್ತಿದ್ದ ಮುದುಕರೊಬ್ಬರು ಲಾಳಿಯನ್ನು ನಿಲ್ಲಿಸಿ, “ಅದರಾಗ ನಮ್ಮ ಕಡೀ ಹುಡುಗ ಒಬ್ಬನರೆ ಅದಾನೇನೋ ತಮ್ಮಾ?” ಎಂದರು. ಇಲ್ಲವೆಂದೆ. “ಇರಲಿ, ಹೆಸರರೆ ನಮ್ದು ಐತಲ್ಲ” ಎಂದು ಮತ್ತೆ ನೇಯತೊಡಗಿದರು.

ಆ ಮಾತಿನಲ್ಲಿ ಸಮಾಧಾನವೂ ಇತ್ತು, ಕೊರತೆಯೂ ಇತ್ತು. ಕುಸ್ತಿಯ ಕಣದಲ್ಲಿ ಪೈಲವಾನನ ಮೈಯೇ ಗೆಲ್ಲುತ್ತದೆ. ಅವನ ಊರಿನವರು ಅವನನ್ನು ಹೆಗಲ ಮೇಲೆ ಹೊರುತ್ತಾರೆ. ಇಲ್ಲಿ ಗೆದ್ದದ್ದು ಒಂದು ಹೆಸರು. ಹೆಸರು ಎಲ್ಲರದಾಗುವುದು ಸುಲಭ. ಆಟದ ಬಯಲು, ಗುರು, ಅವಕಾಶ ಎಲ್ಲರದಾಗುವುದು ಸುಲಭವಲ್ಲ. ಗದಗಿನ ಸುನಿಲ್ ಜೋಶಿಯವರು 1995-96ರಲ್ಲಿ ಒಂದೇ ಸಾಲಿನ ರಣಜಿಯಲ್ಲಿ 500ಕ್ಕೂ ಹೆಚ್ಚು ಓಟ, 50ಕ್ಕೂ ಹೆಚ್ಚು ವಿಕೆಟ್ ಗಳಿಸಿ, ಕರ್ನಾಟಕ ಮತ್ತೆ ಟ್ರೋಫಿ ಗೆಲ್ಲಲು ಕಾರಣರಾದಾಗ, ಆ ಮುದುಕರ ಪ್ರಶ್ನೆಗೆ ಅರ್ಧ ಉತ್ತರ ದೊರೆಯಿತೆಂದುಕೊಂಡೆ. ಗದಗೂ ನಮ್ಮ ಕಡೆಯದೇ. ಉಳಿದರ್ಧ ನಮ್ಮ ಊರುಗಳ ಬಯಲುಗಳಿಂದಲೇ ಬರಬೇಕು.

ರನ್ನ ದುರ್ಯೋಧನನನ್ನು ಕೀಳಾಗಿ ಕಾಣಲಿಲ್ಲ. ಸೋತವನ ಹಿರಿಮೆಯಿಂದಲೇ ಗೆದ್ದವನ ಸಾಹಸಕ್ಕೆ ಬೆಲೆ. ಹದಿನೈದು ವರ್ಷ ಸೋಲರಿಯದ ಮುಂಬಯಿ ಇಲ್ಲದಿದ್ದರೆ 1974ರ ಗೆಲುವಿಗೆ ಇಷ್ಟು ತೂಕವಿರುತ್ತಿರಲಿಲ್ಲ. ಎರಡು ಸೀಮೆಗಳ ನಡುವೆ ಬಾಳಿದ ನಮ್ಮ ಜನ ಇದನ್ನು ಕಾವ್ಯ ಓದದೆಯೂ ಬಲ್ಲರು: ಹೆಸರಿಗಾಗಿ ಹಿಗ್ಗುವುದಕ್ಕೆ ನೆರೆಯವನನ್ನು ಹಳಿಯಬೇಕಾಗಿಲ್ಲ.