ಸಂವಹನ ಯೋಜನೆ: ಕೊನೆಯ ಪುಟದಿಂದ ಮೊದಲ ಪುಟಕ್ಕೆ

(ಕಾರ್ಯಕರ್ತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಅನುದಾನಕ್ಕಾಗಿ ಬರೆಯುವ ಯೋಜನಾ ಪ್ರಸ್ತಾವನೆಗಳಲ್ಲಿ ಸಂವಹನ ಯೋಜನೆಗೆ ಸಾಮಾನ್ಯವಾಗಿ ಕೊನೆಯ ಪುಟವೇ ಗತಿ. ಎರಡು ಕಾರ್ಯಾಗಾರ, ಒಂದು ಸಾವಿರ ಕರಪತ್ರ, ಒಂದು ಸಾಕ್ಷ್ಯಚಿತ್ರ, ಕೊನೆಗೊಂದು ಪತ್ರಿಕಾಗೋಷ್ಠಿ ಎಂದು ಬರೆದರೆ ಆ ಭಾಗ ಮುಗಿಯಿತು. ಇದು ಪ್ರಚಾರದ ಪಟ್ಟಿ ಮಾತ್ರ. ಯಾರ ಬದುಕನ್ನು ಯೋಜನೆ ತಟ್ಟುತ್ತದೆಯೋ ಅವರಿಗೆ ತೀರ್ಮಾನಕ್ಕೆ ಮುನ್ನವೇ ವಿಷಯ ತಿಳಿಯಬೇಕು. ಅವರ ಮಾತಿನಿಂದ ತೀರ್ಮಾನ ತಿದ್ದುಪಡಿಯಾಗಬೇಕು. ಇದಕ್ಕಾಗಿ ಮಾಡುವ ಏರ್ಪಾಡೇ ಸಂವಹನ ಯೋಜನೆ.

ಈ ಏರ್ಪಾಡು ತಪ್ಪಿದರೆ ಏನಾಗುತ್ತದೆಂಬುದಕ್ಕೆ ಪಶ್ಚಿಮಘಟ್ಟವೇ ಸಾಕ್ಷಿ. ಮಾಧವ ಗಾಡ್ಗೀಳರ ಅಧ್ಯಕ್ಷತೆಯಲ್ಲಿ 2010ರಲ್ಲಿ ರಚನೆಯಾದ ತಜ್ಞರ ಸಮಿತಿ 2011ರ ಆಗಸ್ಟ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯಕ್ಕೆ ವರದಿ ಸಲ್ಲಿಸಿತು. ಘಟ್ಟವನ್ನು ಮೂರು ಬಗೆಯ ಪರಿಸರ ಸೂಕ್ಷ್ಮ ವಲಯಗಳಾಗಿ ವಿಂಗಡಿಸಿದ ಆ ವರದಿ, ಅಂತಿಮ ತೀರ್ಮಾನ ಗ್ರಾಮಸಭೆಗಳ ಚರ್ಚೆಯಿಂದ ಮೂಡಬೇಕೆಂದು ಬಯಸಿತ್ತು. ಸಚಿವಾಲಯವಾದರೋ ವರದಿಯನ್ನೇ ಮುಚ್ಚಿಟ್ಟಿತು. ಮಾಹಿತಿ ಹಕ್ಕಿನ ಅರ್ಜಿ, ಮಾಹಿತಿ ಆಯೋಗದ ಆದೇಶ, ದೆಹಲಿ ಹೈಕೋರ್ಟಿನ ತೀರ್ಪು, ಇಷ್ಟೆಲ್ಲ ಆದ ಮೇಲೆ 2012ರ ಮೇ ತಿಂಗಳಲ್ಲಿ ಇಂಗ್ಲಿಷಿನ ನೂರಾರು ಪುಟಗಳು ಹೊರಬಂದವು.

ಅಷ್ಟರಲ್ಲಿ ವರದಿಗಿಂತ ಮೊದಲು ವದಂತಿ ಊರು ಮುಟ್ಟಿತ್ತು. ಮನೆ ಕಟ್ಟುವಂತಿಲ್ಲ, ಒಕ್ಕಲೆಬ್ಬಿಸುತ್ತಾರೆ ಎಂಬ ಭಯ ಹಬ್ಬಿತು. ಕಸ್ತೂರಿರಂಗನ್ ನೇತೃತ್ವದ ಎರಡನೆಯ ಸಮಿತಿ 2013ರ ಏಪ್ರಿಲ್‌ನಲ್ಲಿ ವರದಿ ನೀಡಿದ ಮೇಲೂ ಭಯ ಇಳಿಯಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಕೇರಳದಲ್ಲಿ ಪ್ರತಿಭಟನೆ ಹಿಂಸೆಗೆ ತಿರುಗಿತು. 2014ರಿಂದ 2024ರವರೆಗೆ ಆರು ಕರಡು ಅಧಿಸೂಚನೆಗಳು ಬಂದವು. ಕರ್ನಾಟಕದ ಸಚಿವ ಸಂಪುಟ 2024ರಲ್ಲಿ ಮತ್ತೆ ತಿರಸ್ಕರಿಸಿತು. ಗಣಿ, ಕಲ್ಲುಕ್ವಾರಿಗಳ ಹಿತಾಸಕ್ತಿಗೆ ಇದರಲ್ಲಿ ಪಾಲಿದೆ. ರೈತರ ಎಲ್ಲ ಆತಂಕವೂ ಸುಳ್ಳಲ್ಲ. ಆದರೆ ನಿಜವಾದ ಆತಂಕವನ್ನು ವದಂತಿಯಿಂದ ಬೇರ್ಪಡಿಸಲು ಬೇಕಾದ ಮಾತುಕತೆ ಸಕಾಲದಲ್ಲಿ ನಡೆಯಲೇ ಇಲ್ಲ.

ಇದೇ ಘಟ್ಟದಲ್ಲಿ 1983ರಲ್ಲಿ ಶಿರಸಿ ಸೀಮೆಯ ಸಾಲ್ಕಣಿಯಿಂದ ಹೊರಟ ಅಪ್ಪಿಕೋ ಚಳವಳಿ ಪಾದಯಾತ್ರೆ, ಬೀದಿನಾಟಕಗಳ ಮೂಲಕ ಊರೂರಿಗೆ ಹೋಯಿತು. ಉಳಿಸು, ಬೆಳೆಸು, ಬಳಸು ಎಂಬ ಮೂರೇ ಪದಗಳಲ್ಲಿ ಅದರ ಕಾರ್ಯಕ್ರಮವಿತ್ತು. ಕಾಡನ್ನು ಬಳಸುವವರನ್ನೂ ಒಳಗೊಂಡದ್ದರಿಂದ ಆ ಮಾತು ನಿಂತಿತು.

ಒಂದು ಸೊಪ್ಪಿನಬೆಟ್ಟವನ್ನು ಪುನಶ್ಚೇತನಗೊಳಿಸುವ ಸಣ್ಣ ಯೋಜನೆಯನ್ನೇ ತೆಗೆದುಕೊಳ್ಳಬಹುದು. ಪ್ರಸ್ತಾವನೆಯಲ್ಲಿ ಮೊದಲು ಬರೆಯಬೇಕಾದದ್ದು ಯಾರಿಗೆ ಎಂಬ ಪ್ರಶ್ನೆಯ ಉತ್ತರ. ಬೆಟ್ಟದ ಹಕ್ಕುಳ್ಳ ತೋಟಿಗರು, ದನ ಮೇಯಿಸುವವರು, ಸೌದೆ ತರುವ ಹೆಂಗಸರು, ಅರಣ್ಯ ಇಲಾಖೆ, ಇವರ ಪ್ರಶ್ನೆಗಳು ಬೇರೆ ಬೇರೆ. "ಸಮುದಾಯದ ಸಹಭಾಗಿತ್ವ" ಎಂಬ ಪದ ಇವರೆಲ್ಲರನ್ನೂ ಮರೆಮಾಡುತ್ತದೆ. ಬೇಲಿ ಹಾಕಿದರೆ ಮೇವು ಎಲ್ಲಿಂದ ಎಂಬ ಪ್ರಶ್ನೆ ಗುಂಡಿ ತೋಡಿದ ಮೇಲಲ್ಲ, ಮೊದಲೇ ಚರ್ಚೆಗೆ ಬರಬೇಕು.

ಎರಡನೆಯದು ಭಾಷೆ ಮತ್ತು ವೇಳೆ. ಉತ್ತರ ಕನ್ನಡದ ಕುಣಬಿ, ಸಿದ್ದಿ ಕುಟುಂಬಗಳಲ್ಲಿ ಕೊಂಕಣಿ ಮನೆಮಾತು. ಅಲ್ಲಿ ಕನ್ನಡದ ಕರಪತ್ರ ಮಾತ್ರ ಸಾಲದು. ನಾಟಿಯ ದಿನಗಳಲ್ಲಿ, ಅಡಿಕೆ ಕೊಯ್ಲಿನ ಭರದಲ್ಲಿ, ಹಾಲು ಕರೆಯುವ ಹೊತ್ತಿನಲ್ಲಿ ಸಭೆ ಕರೆದು, ಜನ ಬರಲಿಲ್ಲವೆಂದು ವರದಿ ಬರೆಯುವುದು ನ್ಯಾಯವಲ್ಲ.

ಮೂರನೆಯದು ಉತ್ತರದಾಯಿತ್ವ. ಊರಿನ ಪ್ರಶ್ನೆಗಳನ್ನು ಬರೆದಿಡುವ ಒಂದು ಪುಸ್ತಕ, ಉತ್ತರಿಸಬೇಕಾದವರ ಹೆಸರು, ಉತ್ತರದ ಗಡುವು ಪ್ರಸ್ತಾವನೆಯಲ್ಲೇ ಇರಲಿ. ನೆಟ್ಟ ಸಸಿ ಸತ್ತರೆ ಅದನ್ನೂ ಹೇಳುವ ಏರ್ಪಾಡಿರಲಿ. ಅನುವಾದ, ಓಡಾಟ, ಸಭೆಗಾಗಿ ಕೂಲಿ ಬಿಟ್ಟು ಬರುವವರ ನಷ್ಟ, ಇವುಗಳಿಗೆ ಆಯವ್ಯಯದಲ್ಲಿ ಹಣ ತೋರಿಸದಿದ್ದರೆ ಉಳಿದದ್ದೆಲ್ಲ ಕಾಗದದ ಮಾತು.

ಕೊನೆಯದು ಅಳತೆ. ಹಂಚಿದ ಕರಪತ್ರಗಳ ಲೆಕ್ಕದಿಂದ ಸಂವಹನವನ್ನು ಅಳೆಯಲಾಗದು. ಎಷ್ಟು ಪ್ರಶ್ನೆ ಬಂದವು, ಎಷ್ಟಕ್ಕೆ ಉತ್ತರ ಸಿಕ್ಕಿತು, ಊರಿನ ಮಾತಿನಿಂದ ಯೋಜನೆಯ ಯಾವ ಅಂಶ ಬದಲಾಯಿತು ಎಂಬುದೇ ಅಳತೆಗೋಲು. ಏನೂ ಬದಲಾಗದಿದ್ದರೆ ಯಾರೂ ಕೇಳಿಸಿಕೊಂಡಿಲ್ಲವೆಂದೇ ತಿಳಿಯಬೇಕು.

ಧನಸಹಾಯ ನೀಡುವವರಿಗೆ ಇಂಗ್ಲಿಷ್ ವರದಿ ಹೋಗುವ ಮೊದಲು ಅದರ ಕನ್ನಡ ಸಾರಾಂಶ, ಖರ್ಚಿನ ವಿವರ ಸಹಿತ, ಗ್ರಾಮಸಭೆಯಲ್ಲಿ ಓದಲ್ಪಡಲಿ. ಈ ಒಂದು ವಾಕ್ಯವನ್ನು ಪ್ರಸ್ತಾವನೆಯ ಮೊದಲ ಪುಟದಲ್ಲಿ ಬರೆದು ಪಾಲಿಸಿದರೆ ಉಳಿದದ್ದು ತಾನಾಗಿ ಸರಿದಾರಿಗೆ ಬರುತ್ತದೆ.